ಆಸ್ಟ್ರೋಸ್ಯಾಟ್ ದತ್ತಾಂಶ ಭಂಡಾರ: ಚಿತ್ರ ಬಯಸುವವರಿಗಲ್ಲ, ಕಾಲ ಅಳೆಯುವವರಿಗೆ

ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಅತಿ ಸಾಂದ್ರ ಉಳಿಕೆ), ಕೃಷ್ಣರಂಧ್ರಗಳ ಬಗ್ಗೆ ಓದುವುದಷ್ಟೇ ಸಾಲದು, ಅವುಗಳ ಕಡೆಯಿಂದ ಬಂದ ಸಂಕೇತವನ್ನು ತಾವೇ ಬಿಡಿಸಿ ನೋಡಬೇಕು ಎನ್ನುವವರಿಗೆ ನಮ್ಮ ನೆರೆಯಲ್ಲೇ ಒಂದು ಉಚಿತ ಸೇವೆಯಿದೆ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಉಡಾಯಿಸಿದ ಆಸ್ಟ್ರೋಸ್ಯಾಟ್ ಎಂಬ ಖಗೋಳ ವೀಕ್ಷಣಾ ಉಪಗ್ರಹದ ದತ್ತಾಂಶವನ್ನು ಬೆಂಗಳೂರಿನ ಸಮೀಪ ಬ್ಯಾಲಾಳಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವು ಜಾಲತಾಣದ ಮೂಲಕ ಒದಗಿಸುತ್ತದೆ. ವೀಕ್ಷಣೆಗೆ ಸಮಯ ಪಡೆದ ವಿಜ್ಞಾನಿಗಳ ಮೀಸಲು ಅವಧಿ ಮುಗಿದ ಮೇಲೆ ಆ ಕಡತಗಳು ಸಾರ್ವಜನಿಕವಾಗುತ್ತವೆ. ಹೆಸರು ನೋಂದಾಯಿಸಿ, ಆಕಾಶಕಾಯದ ಹೆಸರನ್ನೋ ನಿರ್ದೇಶಾಂಕವನ್ನೋ ಕೊಟ್ಟು ಹುಡುಕಿದರೆ ಬೇಕಾದುದು ಇಳಿಯುತ್ತದೆ.

ಈ ಭಂಡಾರದ ನಿಜವಾದ ಬಂಡವಾಳವೆಂದರೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿರ್ಮಿಸಿದ ಲ್ಯಾಕ್ಸ್‌ಪಿಸಿ ಉಪಕರಣದ ದತ್ತಾಂಶ. ಅನಿಲ ತುಂಬಿದ ಮೂರು ದೊಡ್ಡ ಶೋಧಕಗಳ ಈ ಉಪಕರಣವು 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕ್ಷ-ಕಿರಣ ಫೋಟಾನುಗಳನ್ನು ಒಂದೊಂದಾಗಿ ಗುರುತಿಸಿ, ಅವು ಬಂದ ಕ್ಷಣವನ್ನು 10 ಮೈಕ್ರೋಸೆಕೆಂಡಿನ ಸೂಕ್ಷ್ಮತೆಯಲ್ಲಿ ದಾಖಲಿಸುತ್ತದೆ. ಇದು ಚಿತ್ರ ತೆಗೆಯುವುದಿಲ್ಲ. ಸುಮಾರು ಒಂದು ಡಿಗ್ರಿ ಅಗಲದ ನೋಟದೊಳಗೆ ಎರಡು ಪ್ರಖರ ಆಕರಗಳಿದ್ದರೆ ಯಾವ ಫೋಟಾನು ಯಾವುದರದೆಂದು ಹೇಳಲೂ ಬಾರದು. ಆದರೆ ಇಪ್ಪತ್ತೈದು ಕಿಲೋಮೀಟರ್ ವ್ಯಾಸವೂ ಇಲ್ಲದ ನ್ಯೂಟ್ರಾನ್ ನಕ್ಷತ್ರದ ಮೇಲ್ಮೈ ವಿವರವನ್ನು ಚಿತ್ರವಾಗಿ ತೋರಿಸುವ ದೂರದರ್ಶಕ ಇಂದಿಗೂ ಇಲ್ಲವಾದ್ದರಿಂದ, ಕಾಲದ ಸೂಕ್ಷ್ಮ ಲೆಕ್ಕವೇ ಇಲ್ಲಿ ಕಣ್ಣಿನ ಕೆಲಸ ಮಾಡಬೇಕಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 2016ರ ಮಾರ್ಚ್ 8ರಂದು 4ಯು 1728-34 ಎಂಬ ಜೋಡಿ ವ್ಯವಸ್ಥೆಯನ್ನು ನೋಡಿದ ದತ್ತಾಂಶ. ಇಲ್ಲಿ ನ್ಯೂಟ್ರಾನ್ ನಕ್ಷತ್ರವೊಂದು ತನ್ನ ಸಂಗಾತಿಯಿಂದ ಅನಿಲವನ್ನು ಸೆಳೆದುಕೊಳ್ಳುತ್ತಿದೆ. ಸಂಶೋಧಕರು ಉಪಗ್ರಹದ ಒಂದೇ ಪರಿಭ್ರಮಣೆಯ, ಮೂರು ಸಾವಿರ ಸೆಕೆಂಡುಗಳಿಗೆ ತುಸು ಮೀರಿದ ಅವಧಿಯ ದತ್ತಾಂಶವನ್ನು ವಿಶ್ಲೇಷಿಸಿದಾಗ, ಮೇಲ್ನೋಟಕ್ಕೆ ಸ್ಥಿರವಾಗಿದ್ದ ಹೊಳಪಿನೊಳಗೆ ಸೆಕೆಂಡಿಗೆ ಸುಮಾರು 815 ಬಾರಿಯ ಏರಿಳಿತವೊಂದು ಕಾಣಿಸಿಕೊಂಡು ಕ್ರಮೇಣ 850ಕ್ಕೆ ಏರಿತ್ತು. ಇದನ್ನು ಅನಿಲವು ಸೆಕೆಂಡಿಗೆ ನಕ್ಷತ್ರಕ್ಕೆ ಹಾಕುವ ಸುತ್ತುಗಳ ಸಂಖ್ಯೆಯೆಂದೇ ಭಾವಿಸಿ, ನಕ್ಷತ್ರದ ದ್ರವ್ಯರಾಶಿ ಸೂರ್ಯನ 1.4 ಪಟ್ಟು ಎಂದಿಟ್ಟುಕೊಂಡರೆ, ಕೆಪ್ಲರ್ ನಿಯಮದ ಪ್ರಕಾರ ಆ ಅನಿಲ ಕೇಂದ್ರದಿಂದ ಕೇವಲ 19 ಕಿಲೋಮೀಟರ್ ದೂರದಲ್ಲಿ ಸುತ್ತುತ್ತಿರಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಸೆಕೆಂಡಿಗೆ ಎಂಟುನೂರು ಬಾರಿ ಸುತ್ತಿದಂತೆ ಎನ್ನಬಹುದು, ಆ ರಸ್ತೆಯೂ ಈ ಕಕ್ಷೆಗಿಂತ ಚಿಕ್ಕದೇ. ವೀಕ್ಷಣೆಯ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ಉಷ್ಣಪರಮಾಣು ಸ್ಫೋಟವೂ ದಾಖಲಾಗಿದ್ದು, ಅದರ ಮೊದಲ ನಾಲ್ಕು ಸೆಕೆಂಡುಗಳಲ್ಲಿ ಸುಮಾರು 363 ಹರ್ಟ್ಸ್‌ನ ಮಿಡಿತ, ಅಂದರೆ ನಕ್ಷತ್ರದ ಸ್ವಂತ ಆವರ್ತನೆ, ಸಿಕ್ಕಿತು.

ಹೊಸಬರು ಮಾತ್ರ ಇಲ್ಲಿಂದ ಆರಂಭಿಸಬಾರದು. ಏಡಿ ನೀಹಾರಿಕೆಯ ಪಲ್ಸಾರ್ (ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಹೆಚ್ಚು ಸುಲಭ, ಏಕೆಂದರೆ ಅದು ಪ್ರಖರವಾಗಿದೆ, ಅದರ ಆವರ್ತನಾವಧಿ ಸುಮಾರು 33 ಮಿಲಿಸೆಕೆಂಡು ಎಂಬುದೂ ಮೊದಲೇ ಗೊತ್ತು. ಆದರೂ ಕಡತ ಇಳಿಸಿಕೊಂಡ ಕೂಡಲೇ ಆ ಅವಧಿಗೆ ಮಡಚಿದರೆ, ಅಂದರೆ ಪ್ರತಿ ಆವರ್ತನೆಯ ಫೋಟಾನುಗಳನ್ನು ಒಂದರ ಮೇಲೊಂದು ಪೇರಿಸಿದರೆ, ಮಿಡಿತವು ಕಲಸಿಹೋಗುತ್ತದೆ. ಉಪಗ್ರಹವು ಭೂಮಿಯನ್ನೂ ಭೂಮಿಯು ಸೂರ್ಯನನ್ನೂ ಸುತ್ತುತ್ತಿರುವುದರಿಂದ ಫೋಟಾನುಗಳು ಬರುವ ಸಮಯ ವರ್ಷದುದ್ದಕ್ಕೂ ನಿಮಿಷಗಳಷ್ಟು ಹಿಂದುಮುಂದಾಗುತ್ತದೆ. ಪ್ರತಿಯೊಂದರ ಸಮಯವನ್ನೂ ಸೌರವ್ಯೂಹದ ದ್ರವ್ಯರಾಶಿ ಕೇಂದ್ರಕ್ಕೆ ಹೊಂದಿಸಿಕೊಳ್ಳಬೇಕು. ಅದಕ್ಕೆ ಬೇಕಾದ ತಂತ್ರಾಂಶವೂ ಉಚಿತವೇ. ಅದಾದ ಮೇಲೆ ಮಡಚಿದರೆ, ಒಂದು ಆವರ್ತನೆಯೊಳಗೆ ಸುಮಾರು 0.4 ಭಾಗದ ಅಂತರದಲ್ಲಿ ಎರಡು ಶಿಖರಗಳು ಚೊಕ್ಕಟವಾಗಿ ಎದ್ದು ನಿಲ್ಲುತ್ತವೆ. ಪಠ್ಯಪುಸ್ತಕದ ರೇಖಾಚಿತ್ರ ಈ ಅನುಭವವನ್ನು ಕೊಡಲಾರದು.

ಕೊರತೆಗಳನ್ನೂ ಹೇಳಬೇಕು. ಮೂರು ಶೋಧಕಗಳಲ್ಲಿ ಒಂದು 2018ರಲ್ಲೇ ನಿಂತಿತು, ಇನ್ನೊಂದರ ಸಂಕೇತ ವರ್ಧನೆ ಅದೇ ವರ್ಷದಿಂದ ಹದ ತಪ್ಪಿತು. ಆದ್ದರಿಂದ ಆರಂಭದ ವರ್ಷಗಳ ದತ್ತಾಂಶವನ್ನು ಆರಿಸಿಕೊಳ್ಳುವುದು ಜಾಣತನ, ಆಮೇಲಿನವುಗಳಲ್ಲಿ (10, 20, 30 ಎಂದು ಸಂಖ್ಯೆ ಕೊಟ್ಟ ಮೂರರಲ್ಲಿ) 20ನೆಯ ಸಂಖ್ಯೆಯ ಶೋಧಕವನ್ನೇ ನೆಚ್ಚಬೇಕು. ಭೂಮಿ ಅಡ್ಡ ಬರುವುದರಿಂದಲೂ ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ವಲಯವನ್ನು ಹಾಯುವುದರಿಂದಲೂ ಪ್ರತಿ ಸುತ್ತಿನಲ್ಲಿ ಖಾಲಿ ಜಾಗಗಳು ಉಳಿಯುತ್ತವೆ. ಕಡತಗಳು ಗಾತ್ರದಲ್ಲಿ ದೊಡ್ಡವು, ಲಿನಕ್ಸ್ ಬಾರದವರಿಗೆ ಇದು ಹೇಳಿಮಾಡಿಸಿದ್ದಲ್ಲ, ಕನ್ನಡದಲ್ಲಿ ಮಾರ್ಗದರ್ಶಿಯಂತೂ ಇಲ್ಲ. ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ; ಪ್ರೌಢಶಾಲೆಯ ಮಕ್ಕಳಿಗೆ ತೋರಿಸಬೇಕೆಂದರೆ ಶಿಕ್ಷಕರು ಮೊದಲೇ ಮಡಚಿಟ್ಟ ರೇಖೆಯನ್ನು ಕೊಡುವುದು ಒಳ್ಳೆಯದು.

ಏಡಿ ಪಲ್ಸಾರ್ ಕೈಹಿಡಿದ ಮೇಲೆ ಕೃಷ್ಣರಂಧ್ರಕ್ಕೆ ಹೋಗುವವರು ಜಿಆರ್‌ಎಸ್ 1915+105 ಎಂದು ಹುಡುಕಲಿ. ಸೂರ್ಯನ ಸುಮಾರು ಹನ್ನೆರಡು ಪಟ್ಟು ದ್ರವ್ಯರಾಶಿಯ ಈ ಕೃಷ್ಣರಂಧ್ರದ ಸುತ್ತಣ ಅನಿಲದ ಹೊಳಪಿನಲ್ಲಿ 67 ಹರ್ಟ್ಸ್ ಆಸುಪಾಸಿನ ಕಂಪನವನ್ನು ಲ್ಯಾಕ್ಸ್‌ಪಿಸಿ ಕಂಡಿದೆ. ಆ ಕಂಪನ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲವಾದ್ದರಿಂದ ಒಂದೇ ಕಡತ ನೋಡಿ ಕೈಬಿಡದೆ, ಬೇರೆ ಬೇರೆ ದಿನಾಂಕಗಳ ಮೂರ್ನಾಲ್ಕು ವೀಕ್ಷಣೆಗಳನ್ನಾದರೂ ಇಳಿಸಿಕೊಳ್ಳಬೇಕು.