ಅಪ್ಪ ಗೋಡೆ ಸವರಿ ನೋಡಿದ ನಿಲ್ದಾಣ: ಡೆಟ್ರಾಯಿಟ್‌ನ ಮಿಶಿಗನ್ ಸೆಂಟ್ರಲ್

ಅಮೆರಿಕದ ಡೆಟ್ರಾಯಿಟ್ ಕಡೆ ಬಂದವರು ಯಾರೇ ಆಗಲಿ, ಮಿಶಿಗನ್ ಸೆಂಟ್ರಲ್ ಎಂಬ ಹಳೆಯ ರೈಲು ನಿಲ್ದಾಣ ನೋಡದೆ ಹೋಗಬೇಡಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಮನೆಯಲ್ಲಿ ಕಟ್ಟಡದ ಕೆಲಸ ಬಲ್ಲ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಾನೊಬ್ಬಳೇ ಹೋಗಿದ್ದರೆ ನಾಲ್ಕು ಫೋಟೊ ತೆಗೆದು ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಿದ್ದೆ. ಅಪ್ಪ ಜೊತೆಗಿದ್ದರು, ಮೂರೂವರೆ ಗಂಟೆ ಹಿಡಿಯಿತು.

ಅಪ್ಪ ಮೈಸೂರಿನಲ್ಲಿ ಗಾರೆ ಮೇಸ್ತ್ರಿಯಾಗಿದ್ದವರು. ಹುಡುಗನಾಗಿದ್ದಾಗ ನಮ್ಮ ತಾತನ ಕೈಕೆಳಗೆ ಸುಣ್ಣದ ಗಾರೆ ಕಲಿತರು. ಗಾಣದಲ್ಲಿ ಸುಣ್ಣ ಮರಳು ಅರೆಯುವುದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವುದು ಎಲ್ಲ ಅವರ ಕೈಮೇಲೆ ಆಗಿದೆ. ಆಮೇಲೆ ಎಲ್ಲರಂತೆ ಸಿಮೆಂಟಿಗೆ ಬಂದರು. ನಾನು ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹಿಡಿಯುವುದು ನನ್ನ ಕೆಲಸ. ಆ ಕಣ್ಣು ಅಪ್ಪನಿಂದ ಬಂದದ್ದು ಅಂತ ನನಗೆ ಯಾವಾಗಲೂ ಅನ್ನಿಸಿದೆ.

ನಾನು ಈ ಊರಿಗೆ ಬಂದದ್ದು 2009ರಲ್ಲಿ. ಆ ವರ್ಷವೇ ಕ್ರೈಸ್ಲರ್, ಜನರಲ್ ಮೋಟಾರ್ಸ್ ಎರಡೂ ಕಾರು ಕಂಪನಿಗಳು ದಿವಾಳಿ ಅರ್ಜಿ ಹಾಕಿದವು. ಅದೇ ವರ್ಷ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ನಗರಸಭೆ ಈ ನಿಲ್ದಾಣವನ್ನು ಕೆಡವಬೇಕು ಅಂತ ನಿರ್ಣಯ ಮಾಡಿತ್ತು. 1975ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದ ಕಟ್ಟಡ ಅದು. ಆ ಆಧಾರದ ಮೇಲೆ ಊರಿನವರೊಬ್ಬರು ಕೋರ್ಟಿಗೆ ಹೋದರು, ಕೆಡವುವ ಮಾತು ಅಲ್ಲಿಗೆ ನಿಂತಿತು. ಪೇಟೆಯೊಳಗಿನ ಲಫಾಯೆಟ್ ಬಿಲ್ಡಿಂಗ್‌ಗೆ ಆ ಅದೃಷ್ಟ ಇರಲಿಲ್ಲ. ಮರುವರ್ಷ ಅದು ನೆಲಸಮವಾಯಿತು.

2011ರಲ್ಲಿ ಅಪ್ಪ ಮೊದಲ ಸಲ ಬಂದಾಗ ಕಾರಿನಲ್ಲಿ ಈ ಕಡೆ ಕರೆತಂದಿದ್ದೆ. ಆಗ ಸುತ್ತ ಮುಳ್ಳುತಂತಿಯ ಬೇಲಿ. ಹದಿನೆಂಟು ಅಂತಸ್ತಿನ ಕಟ್ಟಡಕ್ಕೆ ಒಂದೇ ಒಂದು ಕಿಟಕಿ ಗಾಜು ಉಳಿದಿರಲಿಲ್ಲ. ಮುಂದೆ ನಿಂತರೆ ಕಿಟಕಿಗಳ ಮೂಲಕ ಹಿಂದಿನ ಆಕಾಶ ಕಾಣುತ್ತಿತ್ತು. ಅಪ್ಪ ಬೇಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ, "ಕಲ್ಲು ಚೆನ್ನಾಗೈತೆ ಕಣಮ್ಮ. ನೀರು ಒಳಗೆ ಹೋಗ್ತಾ ಐತೆ, ಅದೇ ತೊಂದರೆ," ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಇನ್ನೊಂದು ಮಾತಾಡಲಿಲ್ಲ.

ಈ ಸಲ ಅದೇ ಜಾಗದಲ್ಲಿ ಕಾರು ನಿಲ್ಲಿಸಿ ಇಳಿದೆವು. ಬೇಲಿ ಇಲ್ಲ. ಮುಂದೆ ರೂಸ್‌ವೆಲ್ಟ್ ಪಾರ್ಕ್‌ನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಮೇಲೆ ಪ್ರತಿ ಕಿಟಕಿಯಲ್ಲೂ ಗಾಜು.

ಇದರ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ಕಟ್ಟಿದ ವಾಸ್ತುಶಿಲ್ಪಿಗಳೇ ಇದನ್ನೂ ಕಟ್ಟಿದ್ದು. 1913ರ ಡಿಸೆಂಬರ್ 26ರಂದು ಹಳೆಯ ನಿಲ್ದಾಣಕ್ಕೆ ಬೆಂಕಿ ಬಿದ್ದು, ಆ ದಿನವೇ ಆತುರಾತುರವಾಗಿ ಇಲ್ಲಿಂದ ರೈಲು ಬಿಡಬೇಕಾಯಿತು. ಕಾರಿನ ಊರು ಕಾರಿನಿಂದಲೇ ರೈಲನ್ನು ಕಳೆದುಕೊಂಡಿತು. 1988ರ ಜನವರಿಯಲ್ಲಿ ಕೊನೆಯ ರೈಲು ಹೊರಟಿತು. ಅಲ್ಲಿಂದ ಮೂವತ್ತು ವರ್ಷ ಖಾಲಿ. ತಾಮ್ರ, ಹಿತ್ತಾಳೆ, ಅಮೃತಶಿಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಜನ ಕಿತ್ತುಕೊಂಡು ಹೋದರು. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಊರಿನ ಜನಸಂಖ್ಯೆ 2020ರ ಗಣತಿಗೆ ಆರು ಲಕ್ಷ ನಲವತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ನಡುವೆ 2013ರಲ್ಲಿ ನಗರವೇ ದಿವಾಳಿಯಾಯಿತು. ಆ ಕಾಲದಲ್ಲಿ ಡೆಟ್ರಾಯಿಟ್ ಹಾಳಾಯಿತು ಅಂತ ಬರೆದ ಪತ್ರಿಕೆಗಳೆಲ್ಲ ಈ ನಿಲ್ದಾಣದ ಫೋಟೊ ಹಾಕುತ್ತಿದ್ದವು. 2018ರಲ್ಲಿ ಫೋರ್ಡ್ ಕಂಪನಿ 9 ಕೋಟಿ ಡಾಲರ್ ಕೊಟ್ಟು ಇದನ್ನು ಕೊಂಡಿತು. ಆರು ವರ್ಷ ರಿಪೇರಿ ನಡೆದು 2024ರ ಜೂನ್ 6ರಂದು ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಗ್ರಾಂಡ್ ಹಾಲ್, ಹಿಂದಿನ ಕಾಲದ ಪ್ರಯಾಣಿಕರು ರೈಲಿಗೆ ಕಾಯುತ್ತಿದ್ದ ಜಾಗ. ಹಳೆಯ ರೋಮಿನ ಸ್ನಾನಗೃಹಗಳ ಮಾದರಿಯಲ್ಲಿ ಕಟ್ಟಿದ್ದು. ಎಲ್ಲರೂ ಒಳಗೆ ಬಂದ ತಕ್ಷಣ ಫೋನ್ ಎತ್ತುತ್ತಾರೆ. ಅಪ್ಪ ಕನ್ನಡಕ ಒರೆಸಿಕೊಂಡು ತಲೆಯೆತ್ತಿದರು. ಅವರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ದಿನ ಒಣಗಿಸಿದ್ರಂತೆ?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಆದರೆ ಈ ಕೆಲಸದ ಮರ್ಮ ಇದ್ದದ್ದೇ ಅಲ್ಲಿ. ಫೋರ್ಡ್‌ನವರು ಕೊಂಡಾಗ ನೆಲಮಾಳಿಗೆಯಲ್ಲಿ ಕೆರೆಯಂತೆ ನೀರು ನಿಂತಿತ್ತು. ಒಟ್ಟು 35 ಲಕ್ಷ ಗ್ಯಾಲನ್ ನೀರು ಪಂಪ್ ಮಾಡಿ ತೆಗೆದರು. ನಮ್ಮೂರಿನ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎರಡು ಸಾವಿರ ಟ್ಯಾಂಕರಿಗೂ ಹೆಚ್ಚು. ರಿಪೇರಿಯ ಮೊದಲ ಹಂತ ಅಂದರೆ ಮಳೆನೀರು ಒಳಗೆ ಬರದಂತೆ ತಡೆಯುವುದು, ಗೋಡೆಗಳನ್ನು ಒಣಗಿಸುವುದು, ಬೀಳುವಂತಿರುವುದಕ್ಕೆ ಆಸರೆ ಕೊಡುವುದು, ಇಷ್ಟೇ. ಬಣ್ಣ, ದೀಪ, ಅಲಂಕಾರ ಎಲ್ಲ ಆಮೇಲಿನ ಮಾತು. ಹೇಳಿದಾಗ ಅಪ್ಪನ ಮುಖ ಅರಳಿತು. "ಒದ್ದೆ ಗೋಡೆಗೆ ಗಾರೆ ಮೆತ್ತಿದ್ರೆ ಎರಡು ಮಳೆಗಾಲಕ್ಕೆ ಹೊಟ್ಟೆ ಬಿಡುತ್ತೆ. ನಮ್ಮಲ್ಲಿ ಒಣಗೋಕೆ ಯಾರು ಟೈಮ್ ಕೊಡ್ತಾರೆ? ಇವರು ಕೊಟ್ಟವ್ರೆ."

ಹಾಲ್‌ನ ಚಾವಣಿ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಇದು ಗ್ವಾಸ್ಟವಿನೋ ಅನ್ನುವ ಪದ್ಧತಿಯ ಕಮಾನು. ಸ್ಪೇನ್‌ನ ಕಟಲಾನ್ ಪ್ರದೇಶದ ಕಟ್ಟುಕೆಲಸವನ್ನು ರಫಾಯೆಲ್ ಗ್ವಾಸ್ಟವಿನೋ ಎಂಬವರು ಅಮೆರಿಕಕ್ಕೆ ತಂದರು. ತೆಳು ಮಣ್ಣಿನ ಹೆಂಚುಗಳನ್ನು ಚಪ್ಪಟೆಯಾಗಿ, ಒಂದರ ಪಕ್ಕ ಒಂದು ಬೇಗ ಗಟ್ಟಿಯಾಗುವ ಗಾರೆಯಲ್ಲಿ ಅಂಟಿಸುತ್ತಾ ಹೋಗುತ್ತಾರೆ. ಅದರ ಮೇಲೆ ಇನ್ನೊಂದು ಪದರ, ಸಂದಿನ ಮೇಲೆ ಸಂದು ಬರದ ಹಾಗೆ. ಕೆಳಗೆ ತೊಲೆ ಇಲ್ಲ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. ನಮ್ಮ ಕಡೆಯ ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುತ್ತಾರೆ. ಅಪ್ಪ ಹತ್ತಾರು ಮನೆಗೆ ಹಾಕಿದ್ದಾರೆ. "ನಮ್ದು ತೊಲೆ ಮೇಲೆ ಕೂತಿರುತ್ತೆ. ಇದು ಯಾತರ ಮೇಲೆ ಕೂತೈತೆ?" ಅಂತ ಕೇಳುತ್ತಾ ಕೈಯೆರಡನ್ನೂ ಬೆರಳಿಗೆ ಬೆರಳು ಕೂಡಿಸಿ ಕಮಾನು ಮಾಡಿ ನೋಡಿಕೊಂಡರು. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, "ಹೂಂ, ತಳ್ಳಾಟದ ಮೇಲೆ ನಿಂತೈತೆ," ಅಂದರು. ಪುಸ್ತಕದಲ್ಲಿ ಓದಿ ನನಗೆ ಅರ್ಥವಾಗದ್ದು ಆ ಒಂದು ಮಾತಿನಲ್ಲಿ ಅರ್ಥವಾಯಿತು.

ಈ ಚಾವಣಿಯಲ್ಲಿ 29,000 ಹೆಂಚುಗಳಿವೆ. ಮೂವತ್ತು ವರ್ಷ ಮಳೆ, ಹಿಮ, ಹೆಪ್ಪುಗಟ್ಟಿ ಕರಗುವ ನೀರು ಎಲ್ಲ ತಿಂದ ಮೇಲೂ ಬದಲಾಯಿಸಬೇಕಾಗಿ ಬಂದದ್ದು ಸುಮಾರು 1,300 ಮಾತ್ರ. ನೂರಕ್ಕೆ ಐದೂ ಆಗಲಿಲ್ಲ. ಉಳಿದವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ತೊಳೆದು, ಸಂದು ಕೆದಕಿ ಹೊಸ ಗಾರೆ ತುಂಬಿದ್ದಾರೆ. ಆ ಸಂದುಗಳನ್ನು ಉದ್ದಕ್ಕೆ ಹಿಡಿದರೆ ಎಂಟು ಮೈಲಿಗೆ ಕಡಿಮೆಯಿಲ್ಲ. ಇಡೀ ಕಟ್ಟಡದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿದಿದ್ದಾರೆ, 17 ಲಕ್ಷ ಗಂಟೆ. ರಿಪೇರಿ ಮಾಡುವಾಗ 1913ರ ಜುಲೈನಲ್ಲಿ ಕೆಲಸ ಮಾಡಿದ ಇಬ್ಬರು ಬರೆದಿಟ್ಟ ಚೀಟಿ ಗೋಡೆಯೊಳಗಿನ ಸ್ಟ್ರೋಸ್ ಬಿಯರ್ ಬಾಟಲಿಯಲ್ಲಿ ಸಿಕ್ಕಿತಂತೆ. ಅಪ್ಪನಿಗೆ ಹೇಳಿದೆ. ಅವರು ಮೈಸೂರಿನ ಒಂದು ಹಳೆ ಛತ್ರದ ಹೆಸರು ಹೇಳಿ, ಅದರ ಅಡುಗೆಮನೆ ಬಾಗಿಲ ಮೇಲೆ ಗಾರೆ ಹಸಿ ಇದ್ದಾಗ ತಾತ ತಮ್ಮ ಹೆಬ್ಬೆಟ್ಟು ಒತ್ತಿದ್ದರು ಅಂದರು. ನನಗೆ ಇದುವರೆಗೆ ಗೊತ್ತಿರಲಿಲ್ಲ.

ಹೊರಗಿನ ಸುಣ್ಣಕಲ್ಲಿನ ವಿಷಯಕ್ಕೆ ಬರುತ್ತೇನೆ. ಒಡೆದುಹೋದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಬೇಕಾದಾಗ, ನೂರು ವರ್ಷದ ಹಿಂದೆ ಕಲ್ಲು ತಂದ ಇಂಡಿಯಾನಾ ರಾಜ್ಯದ ಗಣಿಯನ್ನೇ ಹುಡುಕಿದ್ದಾರೆ. ಅದು ಮುಚ್ಚಿ ಮೂವತ್ತು ವರ್ಷವಾಗಿತ್ತು. ಅದನ್ನೇ ತೆರೆಸಿ ಸುಮಾರು 600 ಟನ್ ಕಲ್ಲು ತಂದಿದ್ದಾರೆ. ಬೇರೆ ಕಲ್ಲಿಗೆ ಬಣ್ಣ ಹಚ್ಚಿ ಕಣ್ಣು ಮುಚ್ಚಿಸಬಹುದಿತ್ತು. ಹಾಗೆ ಮಾಡಿಲ್ಲ. ಅಪ್ಪ ಹೊರಗಿನ ಕಂಬದ ಹತ್ತಿರ ಹೋಗಿ ಅಂಗೈಯಲ್ಲಿ ಸವರುತ್ತಾ ನಿಂತರು. ಬಣ್ಣದಲ್ಲಿ ಹೊಸದು ಹಳೆಯದು ನನಗೆ ಗೊತ್ತಾಗಲಿಲ್ಲ. ಅಪ್ಪ ಒಂದು ಕಡೆ ನಿಂತು, "ಇಲ್ಲಿ ಉಗುರು ಇಡು," ಅಂದರು. ಇಟ್ಟೆ. ಒಂದು ಕಲ್ಲಿನ ಅಂಚು ಮಳೆ ಗಾಳಿಗೆ ಸವೆದು ದುಂಡಗಾಗಿತ್ತು. ಪಕ್ಕದ ಕಲ್ಲಿನ ಅಂಚು ಚೂಪಾಗಿತ್ತು. "ಇದು ಹೊಸದು. ಇನ್ನೊಂದು ಐವತ್ತು ವರ್ಷ ಹೋದ್ರೆ ಇದೂ ಹಾಗೇ ಆಗುತ್ತೆ." ಸಂದಿನಲ್ಲಿ ಉಗುರು ಇಳಿಯಲಿಲ್ಲ. ನನ್ನ ಕೆಲಸದಲ್ಲಿ ಇಂಥ ಹೊಂದಿಕೆಗೆ ಯಂತ್ರ ಬೇಕು.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಕೆಲವು ಗೋಡೆಗಳಲ್ಲಿ ಪಾಳುಬಿದ್ದ ವರ್ಷಗಳಲ್ಲಿ ಹುಡುಗರು ಬರೆದ ಗೀಚುಚಿತ್ರಗಳನ್ನು ಹಾಗೆಯೇ ಉಳಿಸಿದ್ದಾರೆ. ಅಪ್ಪನಿಗೆ ಅದು ಸರಿಬೀಳಲಿಲ್ಲ, ಒಳ್ಳೆ ಗೋಡೆಗೆ ಮಸಿ ಬಳಿದ ಹಾಗೆ ಅಂದರು. ನನಗೆ ಅದು ಬೇಕು. ಆ ಮೂವತ್ತು ವರ್ಷವೂ ಈ ಊರಿನದೇ. ಅದನ್ನು ತೊಳೆದುಬಿಟ್ಟರೆ, 2011ರಲ್ಲಿ ನಾವು ಬೇಲಿ ಹಿಡಿದು ನಿಂತದ್ದೂ ತೊಳೆದುಹೋಗುತ್ತದೆ.

ಗಡಿಯಾರದ ಕಥೆಯನ್ನೂ ಹೇಳಿಬಿಡುತ್ತೇನೆ. ಫೋರ್ಡ್ ಈ ಕಟ್ಟಡ ಕೊಂಡ ಸುದ್ದಿ ಬಂದ ಮೇಲೆ ಒಬ್ಬರು ಹೆಸರು ಹೇಳದೆ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿಗೆ ಫೋನ್ ಮಾಡಿದರು. ಇಪ್ಪತ್ತು ವರ್ಷದ ಹಿಂದೆ ನಿಲ್ದಾಣದಿಂದ ಹೋದ ಗಡಿಯಾರ ತಮ್ಮ ಹತ್ತಿರ ಇದೆ, ಮನೆಗೆ ಕಳಿಸಬೇಕು ಅಂದರು. ಅದನ್ನು ಕಂಬಳಿಯಲ್ಲಿ ಸುತ್ತಿ ಒಂದು ಸುಟ್ಟ ಕಟ್ಟಡಕ್ಕೆ ಒರಗಿಸಿ ಇಟ್ಟಿದ್ದರು. ಹೋಗಿ ತಂದರು. ಆಮೇಲೆ ಇನ್ನೂ ಎಷ್ಟೋ ಜನ ತಮ್ಮ ಮನೆಯಲ್ಲಿದ್ದ ಸಾಮಾನು ತಂದುಕೊಟ್ಟಿದ್ದಾರೆ. ಅವನ್ನೆಲ್ಲ ಕಿತ್ತುಕೊಂಡು ಹೋದವರನ್ನು ಬರೀ ಕಳ್ಳರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಳಾಗಿ ಹೋಗುವುದಕ್ಕಿಂತ ನನ್ನ ಹತ್ತಿರ ಇರಲಿ ಅಂದುಕೊಂಡವರೂ ಇದ್ದರು.

ಇನ್ನು ಕೊರತೆ. ನಿಲ್ದಾಣಕ್ಕೆ ರೈಲಿಲ್ಲ. ಶಿಕಾಗೋ ರೈಲು ಹಿಡಿಯಬೇಕಾದರೆ ಈಗಲೂ ಊರಿನ ಇನ್ನೊಂದು ಕಡೆ ನ್ಯೂ ಸೆಂಟರ್‌ನಲ್ಲಿರುವ ಚಿಕ್ಕ ನಿಲ್ದಾಣಕ್ಕೆ ಹೋಗಬೇಕು. ಇಲ್ಲಿ ಮೇಲಿನ ಅಂತಸ್ತುಗಳಲ್ಲಿ ಕಚೇರಿಗಳಿವೆ, ಪಕ್ಕದ ಹಳೇ ಅಂಚೆ ಕಟ್ಟಡದಲ್ಲಿ ಹೊಸ ಕಂಪನಿಗಳಿವೆ. ಇದರ ಪಕ್ಕದಲ್ಲೇ ರೈಲು, ಬಸ್ಸು ಒಟ್ಟಿಗೆ ಸಿಗುವ ನಿಲ್ದಾಣ ಕಟ್ಟುವ ಯೋಜನೆ ಪ್ರಕಟವಾಗಿದೆ. ಅದು ಬರುವವರೆಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ರೈಲಿಗೆ ಮೀಸಲು.

ಹೋಗುವವರಿಗೆ ಎರಡು ಮಾತು. ಎಲ್ಲ ದಿನ, ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿ ಹೋಗಿ. ವಯಸ್ಸಾದವರನ್ನು ಕರೆದುಕೊಂಡು ಹೋದರೆ ಫ್ಲಾಸ್ಕ್‌ನಲ್ಲಿ ಟೀ ಇಟ್ಟುಕೊಳ್ಳಿ. ನಾವು ಹೊರಗೆ ಸ್ವಲ್ಪ ದೂರದ ಒಂದು ಅಂಗಡಿಯಲ್ಲಿ ಕೊಂಡದ್ದು ಉಗುರುಬೆಚ್ಚಗಿನ ನೀರು, ಪಕ್ಕದಲ್ಲಿ ಒಂದು ಟೀ ಪೊಟ್ಟಣ. ಅಪ್ಪ ಎರಡು ಗುಟುಕು ಕುಡಿದು ಇಟ್ಟರು.

ವಾಪಸ್ ಬರುವಾಗ ಅಪ್ಪ ನಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಮಾತು ತೆಗೆದರು. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. ಅಪ್ಪ ಹೇಳುವುದು ಇಷ್ಟೇ: ಸುಣ್ಣದ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಅದೇ ಗೋಡೆಯನ್ನು ತಿನ್ನುತ್ತದೆ. ಅದನ್ನು ತಿಳಿದು ಕೆಲಸ ಮಾಡುವವರು ಮೈಸೂರಿನಲ್ಲಿ ಈಗಲೂ ಇದ್ದಾರೆ, ಅವರನ್ನು ಕರೆದು ಕೇಳಬೇಕು. ಫೋರ್ಡ್‌ನಷ್ಟು ದುಡ್ಡು ನಮ್ಮ ಪಾಲಿಕೆಗೆ ಎಲ್ಲಿಂದ ಬರಬೇಕು ಅಂತ ನಾನು ಕೇಳಿದೆ. "ಮಳೆನೀರು ತಡೆಯೋಕೆ ಅಷ್ಟು ದುಡ್ಡು ಬೇಡ ಕಣಮ್ಮ," ಅಂದರು.

ಈ ಶನಿವಾರ ಪೇಟೆಯೊಳಗಿನ ಬುಕ್ ಟವರ್‌ಗೆ ಹೋಗುತ್ತಿದ್ದೇವೆ. ಅದೂ ವರ್ಷಗಟ್ಟಲೆ ಬೀಗ ಬಿದ್ದಿದ್ದು 2023ರಲ್ಲಿ ತೆರೆದ ಕಟ್ಟಡ. ಚಾವಣಿಯ ಸಂದು ಸರಿಯಾಗಿ ಕಾಣಬೇಕು, ಒಂದು ಟಾರ್ಚ್ ತಗೊಂಡು ಬಾ ಅಂತ ಅಪ್ಪ ಹೇಳಿದ್ದಾರೆ.