ವಿಮಾನ ತಡವಾಯ್ತಾ? ಸಹಿ ಹಾಕೋ ಮುಂಚೆ ಇದನ್ನು ಓದಿ

ಯುರೋಪಿನ ನಿಯಮದಂತೆ, ವಿಮಾನ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದ್ದಕ್ಕೆ ನಮ್ಮ ನಾಲ್ವರಿಗೆ ವಿಮಾನ ಕಂಪನಿಯಿಂದ ಬರಬೇಕಿದ್ದ ಪರಿಹಾರ 1000 ಯೂರೋ. ಕೈಗೆ ಬಂದದ್ದು 500. ಅದೂ ಹನ್ನೊಂದು ತಿಂಗಳು ಕಾದ ಮೇಲೆ. ಉಳಿದರ್ಧ ಹೋದದ್ದು "ನಿಮ್ಮ ಹಣ ನಾವು ಕೊಡಿಸ್ತೀವಿ" ಎಂದ ಏಜೆನ್ಸಿಗೆ. ಯುರೋಪಿನಲ್ಲಿರುವ ನಮ್ಮವರು ಬಹಳ ಜನ ಇಂಥ ಏಜೆನ್ಸಿಗಳಿಗೆ ಕ್ಲೇಮ್ ಕೊಟ್ಟುಬಿಡ್ತಾರೆ. ಕೊಡೋ ಮುಂಚೆ ನಮಗಾದದ್ದನ್ನು ಒಮ್ಮೆ ಕೇಳಿ.

ಬೇಸಿಗೆ ರಜೆಯಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಿಂದ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೊರಟಿದ್ದೆವು. ನಾನು, ಹೆಂಡತಿ, ಆರು ವರ್ಷದ ಮಗ, ದಾವಣಗೆರೆಯಿಂದ ಬಂದಿದ್ದ ಅತ್ತೆ. ಡಾರ್ಟ್‌ಮುಂಡ್‌ನದು ಸಣ್ಣ ಏರ್‌ಪೋರ್ಟ್. ಕ್ಯೂ ಕಡಿಮೆ, ನಡೆಯೋದೂ ಕಡಿಮೆ. ಆದರೆ ವಿಮಾನ ಕೆಟ್ಟರೆ ಇಂಥ ಕಡೆ ಕಷ್ಟ. ಬದಲಿ ವಿಮಾನ ಅಲ್ಲಿ ಸಿದ್ಧವಾಗಿ ನಿಂತಿರಲಿಲ್ಲ. ನಮ್ಮ ವಿಮಾನ ಕಂಪನಿಯ ಸ್ವಂತ ಸಿಬ್ಬಂದಿ ಒಬ್ಬರೂ ಕಾಣಲಿಲ್ಲ. ಕೌಂಟರ್‌ನಲ್ಲಿದ್ದವರು ಬೇರೆ ಸಂಸ್ಥೆಯವರು. ಬೋರ್ಡಿನಲ್ಲಿ ಕಾಣುವುದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿರಲಿಲ್ಲ, ಪಾಪ.

ಮೊದಲು 40 ನಿಮಿಷ ತಡ ಎಂದರು. ಆಮೇಲೆ ಒಂದೂವರೆ ಗಂಟೆ. ಆಮೇಲೆ ಏನೂ ಹೇಳಲಿಲ್ಲ. ಅತ್ತೆಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಮನೆಯಿಂದ ತಂದಿದ್ದ ಕೋಡುಬಳೆ ಪೊಟ್ಟಣ ಖಾಲಿಯಾಗಿತ್ತು. ಹೋಗಿ ಬ್ರೆಡ್ಡು, ನೀರು, ಮಗನಿಗೆ ಜ್ಯೂಸ್ ತಂದೆ. 31 ಯೂರೋ ಆಯ್ತು. 1500 ಕಿಲೋಮೀಟರ್ ಒಳಗಿನ ಪ್ರಯಾಣ ಎರಡು ಗಂಟೆ ತಡವಾದರೆ ಊಟ ತಿಂಡಿ ಕಂಪನಿಯೇ ಕೊಡಬೇಕು ಎಂದು ನನಗಾಗ ಗೊತ್ತಿರಲಿಲ್ಲ. ಯಾರೂ ಅನೌನ್ಸ್ ಮಾಡಲಿಲ್ಲ. ಆ ಬಿಲ್ಲನ್ನು ಪರ್ಸಿನಲ್ಲಿ ಮಡಚಿಟ್ಟೆ. ಎರಡು ತಿಂಗಳಾದ ಮೇಲೆ ತೆಗೆದು ನೋಡಿದರೆ ಅಕ್ಷರವೆಲ್ಲ ಅಳಿಸಿ ಬಿಳಿ ಚೀಟಿಯಾಗಿತ್ತು. ದಯವಿಟ್ಟು ಬಿಲ್ ಕೈಗೆ ಬಂದ ಕೂಡಲೇ ಫೋಟೋ ತೆಗೆಯಿರಿ.

ಕಡೆಗೂ ವಿಮಾನ ಹತ್ತಿದೆವು. ಯಾವುದೋ ಸೆನ್ಸರ್ ಬದಲಾಯಿಸಬೇಕಾಯ್ತು, ಕ್ಷಮಿಸಿ ಎಂದು ಪೈಲಟ್ ಹೇಳಿದರು. ಮಯೋರ್ಕಾದಲ್ಲಿ ಚಕ್ರ ನೆಲ ಮುಟ್ಟಿದಾಗ 2 ಗಂಟೆ 54 ನಿಮಿಷ ತಡ. ಮೆಟ್ಟಿಲು ಬರಲಿಲ್ಲ ಎಂದು ಒಳಗೇ ಕೂರಿಸಿದರು. ಮುಂದಿನ ಸೀಟಿನಲ್ಲಿ ತುಮಕೂರಿನವರೊಬ್ಬರು ಹೆಂಡತಿ ಜೊತೆ ಕೂತಿದ್ದರು. ನಾವು ಮಾತಾಡೋದು ಕೇಳಿ ಪರಿಚಯ ಮಾಡಿಕೊಂಡಿದ್ದರು. ಬಾಗಿಲು ತೆಗೆದ ತಕ್ಷಣ ಮೊಬೈಲ್ ಎತ್ತಿ ಫೋಟೋ ಹೊಡೆದರು. "ಸರ್, ಈಗ ತೆಗೆದ್ರು ನೋಡಿ. ಟೈಮ್ ಬರ್ಕೊಳಿ" ಎಂದರು. 3 ಗಂಟೆ 11 ನಿಮಿಷ. ನಾನು ತಲೆಯಾಡಿಸಿದೆ, ಬರೆದುಕೊಳ್ಳಲಿಲ್ಲ.

ಆ ರಾತ್ರಿ ಹೋಟೆಲಿನಲ್ಲಿ, ಎಲ್ಲರೂ ಮಲಗಿದ ಮೇಲೆ, ಫೋನಿನಲ್ಲಿ ಹುಡುಕಿದೆ. ಮೊದಲು ಸಿಕ್ಕಿದ್ದೇ ಆ ಏಜೆನ್ಸಿ. ಗೆಲ್ಲದಿದ್ದರೆ ಒಂದು ಪೈಸೆಯೂ ಬೇಡ ಎಂದು ದೊಡ್ಡ ಅಕ್ಷರದಲ್ಲಿತ್ತು. ಬೋರ್ಡಿಂಗ್ ಪಾಸ್ ಫೋಟೋ ಹಾಕಿದೆ, ಬೆರಳಲ್ಲಿ ಸಹಿ ಗೀಚಿದೆ, ಎರಡೇ ನಿಮಿಷ. ನಾನು ಸಹಿ ಹಾಕಿದ್ದು ಬರೀ ಅರ್ಜಿಗಲ್ಲ. ಹಣ ಕೇಳುವ ನಮ್ಮ ಹಕ್ಕನ್ನೇ ಅವರ ಹೆಸರಿಗೆ ಬರೆದುಕೊಡುವ ಪತ್ರ ಅದು. ಆಮೇಲೆ ವಿಮಾನ ಕಂಪನಿಗೆ ನಾನೇ ಬರೆದಾಗ, ಈ ವಿಷಯ ನಿಮ್ಮ ಜೊತೆ ಮಾತಾಡೋಕಾಗಲ್ಲ ಎಂದುಬಿಟ್ಟರು. ಕಮಿಷನ್ 35 ಪರ್ಸೆಂಟ್. ವಕೀಲರ ತನಕ ಹೋದರೆ ಇನ್ನೂ 15. ಎರಡನೆಯದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಏಜೆನ್ಸಿಯವರು ವಕೀಲರಿಗೆ ಕೊಟ್ಟೇಬಿಟ್ಟರು.

ತುಮಕೂರಿನವರು ಯಾರ ಕೈಗೂ ಕೊಡಲಿಲ್ಲ. ಕಂಪನಿಗೆ ಅವರೇ ಬರೆದರು. ನೀವು ಮೂರು ಗಂಟೆಗಿಂತ ಮುಂಚೆ ಇಳಿದಿದ್ದೀರಿ, ಅದೂ ಅಲ್ಲದೆ ತಾಂತ್ರಿಕ ತೊಂದರೆ ಅಸಾಧಾರಣ ಪರಿಸ್ಥಿತಿ, ಅದಕ್ಕೆ ಪರಿಹಾರ ಇಲ್ಲ ಎಂದು ಉತ್ತರ ಬಂತು. ಎರಡೂ ನಿಲ್ಲುವ ಮಾತಲ್ಲ. ಸಾಲ್ಜ್‌ಬರ್ಗ್‌ನಿಂದ ಕಲೋನ್‌ಗೆ ಹೋದ ಒಂದು ವಿಮಾನದ ಕೇಸಿನಲ್ಲಿ ಯುರೋಪಿನ ನ್ಯಾಯಾಲಯ 2014ರಲ್ಲೇ ಹೇಳಿದೆ: ತಲುಪಿದ ಸಮಯ ಎಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. ದಿನನಿತ್ಯದ ಓಡಾಟದಲ್ಲಿ ಬರುವ ರಿಪೇರಿ ನೆಪವಾಗುವುದಿಲ್ಲ ಎಂದು 2008ರಲ್ಲೇ ತೀರ್ಪಾಗಿದೆ. ಹಕ್ಕಿ ಬಡಿದದ್ದು, ಬಿರುಗಾಳಿ, ಇಂಥವು ಬೇರೆ ಮಾತು.

ಎರಡು ತಿಂಗಳು ಕಾದು, ಆ ಫೋಟೋ ಸಮೇತ ಬರ್ಲಿನ್‌ನ ಷ್ಲಿಖ್ಟುಂಗ್ಸ್‌ಷ್ಟೆಲ್ಲೆಗೆ ಹೋದರು. ಪ್ರಯಾಣಿಕರ ಜಗಳ ಬಗೆಹರಿಸುವ ಸಂಸ್ಥೆ ಅದು, ಮೊದಲು ಸ್ಯೋಪ್ ಎನ್ನುತ್ತಿದ್ದರು. ನಮ್ಮಿಂದ ಫೀಸ್ ತಗೊಳ್ಳಲ್ಲ. ಕಂಪನಿ ಅದರ ಸದಸ್ಯ ಅಲ್ಲದಿದ್ದರೆ ಬಾನ್‌ನಲ್ಲಿರುವ ಸರ್ಕಾರಿ ನ್ಯಾಯ ಕಚೇರಿಯಲ್ಲೂ ಇದೇ ವ್ಯವಸ್ಥೆ ಇದೆ. ಐದು ತಿಂಗಳಲ್ಲಿ ಪೂರ್ತಿ ಹಣ ಬಂತು. ಅವರಿಬ್ಬರಿಗೆ 500. ನಮ್ಮ ನಾಲ್ವರಿಗೂ 500. ಫೋನಿನಲ್ಲಿ ಇದನ್ನು ಕೇಳಿ ನನ್ನ ಹೆಂಡತಿ ತುಂಬಾ ಹೊತ್ತು ಮಾತೇ ಆಡಲಿಲ್ಲ.

ಲೆಕ್ಕ ಸರಳ. ಮೂರು ಗಂಟೆ ಅಥವಾ ಜಾಸ್ತಿ ತಡವಾಗಿ ತಲುಪಿದರೆ, 1500 ಕಿಲೋಮೀಟರ್ ತನಕ ತಲೆಗೆ 250 ಯೂರೋ. ಯುರೋಪಿನೊಳಗೇ ಅದಕ್ಕಿಂತ ದೂರವಾದರೆ 400. ಟಿಕೆಟ್ ಬೆಲೆ ಎಷ್ಟಿತ್ತು ಅನ್ನೋದು ಲೆಕ್ಕಕ್ಕಿಲ್ಲ. ಟಿಕೆಟ್ ತೆಗೆದ ಮಕ್ಕಳಿಗೂ ಸಿಗುತ್ತೆ. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ, ಭಾರತದ ಪಾಸ್‌ಪೋರ್ಟ್ ಇರುವ ನಮ್ಮ ಅತ್ತೆಗೂ ಅಷ್ಟೇ ಹಕ್ಕಿತ್ತು. ಕಂಪನಿ ವೋಚರ್ ಕಳಿಸಿದರೆ ಸುಮ್ನೆ ಒಪ್ಪಿಗೆ ಒತ್ತಬೇಡಿ. ನೀವು ಬರೆದು ಒಪ್ಪದ ಹೊರತು ಹಣವನ್ನೇ ಕೊಡಬೇಕು. ಅವಸರವೂ ಬೇಡ. ಜರ್ಮನಿಯಲ್ಲಿ ಆ ವರ್ಷ ಮುಗಿದ ಮೇಲೆ ಮೂರು ವರ್ಷ ಸಮಯ ಇದೆ. ಬೆಲ್ಜಿಯಂನಂಥ ಕೆಲವು ಕಡೆ ಒಂದೇ ವರ್ಷ.

ಊರಿಗೆ ಬರುವವರಿಗೂ ಒಂದು ಮಾತು. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಯಾವ ಕಂಪನಿಯಲ್ಲಿ ಬಂದರೂ ಈ ನಿಯಮ ಉಂಟು, ನಾಲ್ಕು ಗಂಟೆ ಮೀರಿದರೆ 600 ಯೂರೋ. ಬೆಂಗಳೂರಿಂದ ಹೋಗುವಾಗ ಯುರೋಪಿನ ಕಂಪನಿಯಾದರೆ ಮಾತ್ರ.

ಈಗಾಗಲೇ ಏಜೆನ್ಸಿಗೆ ಸಹಿ ಹಾಕಿಬಿಟ್ಟಿದ್ದೀರಾ? ದಿನ ಎಣಿಸಿ. ಆನ್‌ಲೈನಿನಲ್ಲಿ ಮಾಡಿಕೊಂಡ ಇಂಥ ಒಪ್ಪಂದದಿಂದ ಸಾಮಾನ್ಯವಾಗಿ 14 ದಿನದೊಳಗೆ ಹಿಂದೆ ಸರಿಯಬಹುದು. ಒಂದು ಇಮೇಲ್ ಸಾಕು. ನನಗೆ ಇದು ಗೊತ್ತಾದದ್ದು ನಲವತ್ತನೇ ದಿನ.