ಮರ್ದಿನಿ ಯಂತ್ರದ ಮಣ್ಣಿನ ಬ್ಲಾಕು: ಕೊಳ್ಳುವ ಮುನ್ನ ತೂಗಿ ನೋಡಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನ ಒಯ್ಯಲೆಂದು ಎ.ಕೆ.ಎನ್. ರೆಡ್ಡಿ ಕಟ್ಟಿದ 'ಅಸ್ತ್ರ' ಕೇಂದ್ರದ ಕೆಲಸಗಳಲ್ಲಿ ಜನ ಹೆಚ್ಚು ಬಲ್ಲವು ಎರಡು: ಸೌದೆ ಉಳಿಸುವ ಅಸ್ತ್ರ ಒಲೆ ಮತ್ತು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕು. ಒಲೆಯನ್ನು ಗ್ಯಾಸ್ ಸಿಲಿಂಡರ್ ಮೂಲೆಗೆ ಸರಿಸಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ವರ್ಷಗಟ್ಟಲೆ ಪರೀಕ್ಷಿಸಿದ ಬ್ಲಾಕು ಮಾತ್ರ ಇಂದಿಗೂ ಗೋಡೆಯಾಗುತ್ತಿದೆ.

ಈ ಬ್ಲಾಕನ್ನು ಒತ್ತುವ ಮರ್ದಿನಿ ಕೈಯಿಂದ ನಡೆಯುವ ಸರಳ ಯಂತ್ರ, ಕರೆಂಟು ಬೇಡ. ಆದರೆ ಒಳ್ಳೆಯ ಬ್ಲಾಕಿನ ಗುಟ್ಟು ಯಂತ್ರಕ್ಕಿಂತ ತಕ್ಕಡಿಯಲ್ಲಿದೆ. ಅಚ್ಚಿನ ಗಾತ್ರ ಬದಲಾಗದು, ಸನ್ನೆ ಎಷ್ಟೇ ಜಗ್ಗಿದರೂ ಬ್ಲಾಕಿನ ಎತ್ತರ ಅಷ್ಟೇ. ಹಾಗಾಗಿ ಎಷ್ಟು ಮಣ್ಣು ತುಂಬಿದಿರಿ ಎನ್ನುವುದೇ ಸಾಂದ್ರತೆಯನ್ನು ತೀರ್ಮಾನಿಸುತ್ತದೆ. 230×190×100 ಮಿ.ಮೀ. ಬ್ಲಾಕಿಗೆ ಒಣ ಸಾಂದ್ರತೆ ಘನ ಸೆಂ.ಮೀ.ಗೆ 1.8 ಗ್ರಾಂ ಬೇಕೆಂದರೆ, ಶೇ. 10 ತೇವವಿರುವ ಮಿಶ್ರಣ ಸುಮಾರು 8.6 ಕೆ.ಜಿ. ಬೀಳಬೇಕು. ಕೆಲಸದವರು ಬಾಂಡ್ಲಿಯ ಅಂದಾಜಿನಲ್ಲಿ 8 ಕೆ.ಜಿ. ಹಾಕಿದರೆ ಸನ್ನೆ ಹಗುರವಾಗಿ ಇಳಿಯುತ್ತದೆ, ಬ್ಲಾಕೂ ನೋಡಲು ಚೆನ್ನಾಗಿಯೇ ಇರುತ್ತದೆ. ಮೊದಲ ಮಳೆಗೆ ಅಂಚು ಉದುರುತ್ತದೆ.

ಮಣ್ಣಿನಲ್ಲಿ ಜೇಡಿ ಶೇ. 10–15 ಇದ್ದರೆ ಸಾಕು, ಮರಳಿನ ಪಾಲು ಶೇ. 65ರ ಆಸುಪಾಸು. ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಅದಕ್ಕೇ ಮರಳನ್ನೋ ಕ್ವಾರಿ ಪುಡಿಯನ್ನೋ ಸೇರಿಸುತ್ತಾರೆ. ಬೇರು, ಗೊಬ್ಬರ ಬೆರೆತ ಮೇಲ್ಮಣ್ಣು ಬೇಡವೇ ಬೇಡ. ಎರೆಮಣ್ಣು ಒದ್ದೆಯಾದಾಗ ಹಿಗ್ಗಿ ಒಣಗಿದಾಗ ಕುಗ್ಗುವುದರಿಂದ ಬರೀ ಸಿಮೆಂಟಿಗೆ ಬಗ್ಗುವುದಿಲ್ಲ, ಸುಣ್ಣವೂ ಬೇಕು. ಆ ಸೀಮೆಯಲ್ಲಿ ಈ ಬ್ಲಾಕಿನ ಹುಚ್ಚು ಹಿಡಿಸಿಕೊಳ್ಳದಿರುವುದೇ ಲೇಸು.

ಸಿಮೆಂಟ್ ಶೇ. 7 ಎಂದು ಒಪ್ಪಿದ್ದರೆ 50 ಕೆ.ಜಿ. ಚೀಲಕ್ಕೆ ಈ ಅಳತೆಯ 90–95 ಬ್ಲಾಕು ಬರಬೇಕು. 120 ದಾಟಿದರೆ ಯಾರೋ ಚೀಲ ಉಳಿಸುತ್ತಿದ್ದಾರೆ ಎಂದೇ ಅರ್ಥ. ನೀರು ಬಿದ್ದ ಮಿಶ್ರಣವನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಬೆಳಿಗ್ಗೆ ಒಂದೇ ಸಲ ದೊಡ್ಡ ರಾಶಿ ಕಲಸಿಟ್ಟರೆ ಸಿಮೆಂಟ್ ರಾಶಿಯಲ್ಲೇ ಗಟ್ಟಿಯಾಗತೊಡಗುತ್ತದೆ. ಒತ್ತಿದ ಬ್ಲಾಕನ್ನು ನೆರಳಲ್ಲಿ ಜೋಡಿಸಿ, ಹುಲ್ಲೋ ಗೋಣಿಯೋ ಹೊದಿಸಿ ಮೂರರಿಂದ ನಾಲ್ಕು ವಾರ ನೀರುಣಿಸಬೇಕು. ಮಾರುವವರು ಕಳ್ಳಾಟ ಆಡುವುದು ಹೆಚ್ಚಾಗಿ ಇಲ್ಲೇ: ವಾರದ ಬ್ಲಾಕು ಲಾರಿ ಏರಿರುತ್ತದೆ.

ಪರೀಕ್ಷೆ ಸುಲಭ. ನಾಲ್ಕೈದು ಬ್ಲಾಕುಗಳನ್ನು ಎರಡು ದಿನ ನೀರಲ್ಲಿ ಮುಳುಗಿಸಿಡಿ. ತೆಗೆದ ಮೇಲೆ ಮೂಲೆ ಬೆರಳಿಗೆ ಪುಡಿಯಾಗಬಾರದು, ಮೊಳೆ ಸಲೀಸಾಗಿ ಇಳಿಯಬಾರದು. ಲ್ಯಾಬ್ ವರದಿ ಕೊಟ್ಟರೆ ನೀರುಂಡ ಬ್ಲಾಕಿನ ಬಲ ನೋಡಿ. 3–4 ಮೆಗಾಪ್ಯಾಸ್ಕಲ್ ಇದ್ದರೆ, ಎಂಜಿನಿಯರ್ ಲೆಕ್ಕ ಹಾಕಿಕೊಟ್ಟಂತೆ, ಎರಡು ಅಂತಸ್ತಿನ ಭಾರ ಹೊರುವ ಗೋಡೆಗೆ ಸಾಕು. ಒಣ ಬ್ಲಾಕಿನ ಅಂಕಿ ಯಾವಾಗಲೂ ದೊಡ್ಡದು, ಅದನ್ನು ತೋರಿಸಿದರೆ ಮರುಳಾಗಬೇಡಿ.

ಗಾರೆಗೆ ಸಿಮೆಂಟ್, ಮಣ್ಣು, ಮರಳು 1:1:6. ಬರೀ ಸಿಮೆಂಟ್-ಮರಳಿನ ಗಾರೆಗಿಂತ ಇದು ಬ್ಲಾಕನ್ನು ಚೆನ್ನಾಗಿ ಹಿಡಿಯುತ್ತದೆ. ಕಟ್ಟುವ ಮುನ್ನ ಬ್ಲಾಕನ್ನು ನೆನೆಸಿ. ವೈರಿಂಗ್ ಪೈಪಿನ ದಾರಿ ಮೊದಲೇ ಗುರುತಾಗಿರಲಿ. ಆಮೇಲೆ ಗೋಡೆ ಕೊರೆದರೆ ಅಂದವೂ ಹೋಯಿತು, ಬಲವೂ ಹೋಯಿತು.

ಸುಟ್ಟ ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಇದರ ತಯಾರಿಕೆಗೆ ತಗಲುವ ಇಂಧನ ಸುಮಾರು ಮೂರನೇ ಒಂದು ಪಾಲು. ಪಾಯ ತೋಡಿದ ಮಣ್ಣೇ ಒಗ್ಗಿದರೆ ಹಣದ ಉಳಿತಾಯವೂ ಉಂಟು. ಮಣ್ಣನ್ನು ದೂರದಿಂದ ತರಿಸಿದರೆ ಲಾರಿ ಬಾಡಿಗೆಯಲ್ಲೇ ಅದು ಕರಗುತ್ತದೆ.

ಪ್ಯಾರಾಪೆಟ್‌ಗೆ ಮಾತ್ರ ಬಳಸಬೇಡಿ. ಮೇಲಿನಿಂದಲೂ ಎರಡೂ ಮಗ್ಗುಲಿಂದಲೂ ಮಳೆ ಕುಡಿಯುವ ಗೋಡೆ ಅದು. ನೆಲದಿಂದ ಸಿಡಿಯುವ ನೀರಿಗೆ ಸಿಗುವ ಮೊದಲ ಒಂದೂವರೆ ಅಡಿಯನ್ನೂ ಕಲ್ಲಿನಲ್ಲೇ ಕಟ್ಟಿಸಿ.